ಆಗಲ್ಲ ಎನ್ನದ ಅಂಗಡಿ

ನಮ್ಮ ಅಂಗಡಿಯಲ್ಲಿ ಆಡಬಾರದ ಮಾತು ಒಂದೇ: ‘ಆಗಲ್ಲ’. ಬೈಗುಳ ನಡೆಯುತ್ತದೆ, ಸುಳ್ಳೂ ಸ್ವಲ್ಪ ಮಟ್ಟಿಗೆ ನಡೆಯುತ್ತದೆ, ಗಿರಾಕಿ ಹೋದ ಮೇಲೆ ಅವನ ನಡಿಗೆಯನ್ನು ಅಣಕಿಸುವುದಂತೂ ಧಾರಾಳವಾಗಿ ನಡೆಯುತ್ತದೆ. ಆದರೆ ಬಂದವನ ಮುಖ ನೋಡಿ ‘ಇದು ನಮ್ಮಿಂದ ಆಗಲ್ಲ’ ಎಂದವರನ್ನು ನನ್ನ ಮಾವ ಕ್ಷಮಿಸುವುದಿಲ್ಲ. ನಾನು ಅಲ್ಲಿ ಹನ್ನೊಂದು ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ. ಮಾವನ ಬಾಯಿಂದ ಆ ಮಾತು ಬಿದ್ದದ್ದನ್ನು ಒಂದೇ ಒಂದು ಸಲ ಕೇಳಿದ್ದೇನೆ. ಈಗ ಹೇಳುತ್ತಿರುವುದು ಆ ಒಂದು ಸಲದ ಸಂಗತಿ.

ನಮ್ಮದು ಡ್ರಮ್ಮು, ತಾಳದ ತಟ್ಟೆಯಂಥ ಸಿಂಬಲ್ಲು, ಅವುಗಳ ಕೋಲು, ಹೊದಿಕೆ, ವೈರು ಮಾರುವ ಅಂಗಡಿ. ಬೋರ್ಡಿನ ಮೇಲೆ ಹಾಗೇ ಬರೆದಿದೆ. ಆದರೆ ಮಾವನ ‘ಆಗುತ್ತೆ’ಗೆ ಬೇಲಿ ಇಲ್ಲ. ಎದುರು ಮನೆಯ ಮಿಕ್ಸಿ, ಪಕ್ಕದ ಬೀದಿಯ ಅಜ್ಜಿಯ ಕಿವಿಯ ಮೆಷೀನು, ಒಂದು ಸಲ ಯಾರದೋ ಹಲ್ಲಿನ ಸೆಟ್ಟು. “ಯಾಕಾಗಲ್ಲ? ನಮ್ಮ ಅಳಿಯಂದ್ರು ಮಾಡ್ಕೊಡ್ತಾರೆ” ಎಂದು ಇಸಿದುಕೊಂಡು ತಂದು ನನ್ನ ಮೇಜಿನ ಮೇಲಿಡುತ್ತಾರೆ. ಮಾತು ಕೊಡುವುದು ಅವರ ಬಾಯಿ, ಉಳಿಸುವುದು ನನ್ನ ಕೈ. ಹಲ್ಲಿನ ಸೆಟ್ಟನ್ನೂ ಅಂಟಿಸಿಕೊಟ್ಟೆ, ಆ ಮಾತು ಬೇರೆ.

ನಾನು ಮನೆ ಅಳಿಯ. ಈ ಎರಡು ಪದ ಕೇಳಿದ ಕೂಡಲೇ ಜನರ ತುಟಿಯ ಕೊನೆಯಲ್ಲಿ ಏಳುವ ನಗು ನನಗೆ ಚೆನ್ನಾಗಿ ಗೊತ್ತು, ನಗಲಿ ಬಿಡಿ. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನಾನು, ಹೆಂಡತಿ, ಏಳು ವರ್ಷದ ಮಗಳು. ಮಗಳು ಹೋಂವರ್ಕ್ ಬರೆಯುವುದು ಸಿಂಬಲ್ ತುಂಬಿದ ರಟ್ಟಿನ ಡಬ್ಬದ ಮೇಲೆ. ಮೆಟ್ಟಿಲು ಇಳಿದರೆ ನೇರ ಅಂಗಡಿಯ ಒಳಕ್ಕೇ ಇಳಿಯುತ್ತೇವೆ, ಮನೆಗೆ ಬೇರೆ ಬಾಗಿಲಿಲ್ಲ. ಟೂತ್‌ಪೇಸ್ಟ್ ತರಲು ಹೊರಟರೂ ಮಾವನ ಗಲ್ಲಾದ ಮುಂದೆ ಹಾದೇ ಹೋಗಬೇಕು. “ಎಲ್ಲಿಗೆ ಅಳಿಯಂದ್ರೇ?” ಎನ್ನುತ್ತಾರೆ. ಅದು ಅನುಮಾನವಲ್ಲ, ಪ್ರೀತಿ. ಅನುಮಾನವಾಗಿದ್ದರೆ ಜಗಳವಾಡಿ ಎಂದೋ ಹೊರಟುಹೋಗುತ್ತಿದ್ದೆ. ನನಗೆ ಜ್ವರ ಬಂದರೆ ಅವರು ಊಟ ಬಿಡುತ್ತಾರೆ, ಬೀದಿಯಲ್ಲಿ ಯಾರೇ ಸಿಕ್ಕಲಿ ನನ್ನ ಕೈಯ ಗುಣಗಾನ ಮಾಡುತ್ತಾರೆ. ಇಂಥವರ ಮುಂದೆ ‘ನನಗೆ ಇಲ್ಲಿ ಉಸಿರು ಕಟ್ಟುತ್ತಿದೆ’ ಎಂದು ಹೇಗೆ ಹೇಳುವುದು? ಬಿಸಿ ತುಪ್ಪ ಬಾಯಲ್ಲಿ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಈ ಸಂಗತಿ ಶುರುವಾದದ್ದು ರಂಗಮಂದಿರದಲ್ಲಿ. ಅಲ್ಲಿ ಸಂಗೀತ ನೋಡಿಕೊಳ್ಳುವ, ತಾವೇ ಡ್ರಮ್ ಬಾರಿಸುವ ಹೆಂಗಸೊಬ್ಬರು ನಮ್ಮ ಖಾಯಂ ಗಿರಾಕಿ. ಅವರ ಕೈಚೀಲದಿಂದ ಸದಾ ಎರಡು ಕೋಲು ಇಣುಕುತ್ತಿರುತ್ತವೆ; ಎದುರಿಗೆ ಮೇಡಂ ಎಂದರೂ ಬೆನ್ನ ಹಿಂದೆ ನಾವು ಕೋಲಮ್ಮ ಎನ್ನುತ್ತೇವೆ. ಅವರು ಕೂತು ಬಾರಿಸುವುದು ವೇದಿಕೆಯ ಕೆಳಗಿನ ಗುಂಡಿಯಲ್ಲಿ. ಅಲ್ಲಿ ನಿಜವಾದ ಡ್ರಮ್ಮು ಬಾರಿಸಿದರೆ ಮೇಲೆ ನಟರ ಮಾತು ಒಂದೂ ಕೇಳುವುದಿಲ್ಲ. ಹಾಗಾಗಿ ಎಲೆಕ್ಟ್ರಾನಿಕ್ ಡ್ರಮ್ಮು: ಬಾರಿಸಲು ಜಾಲರಿ ಹೊದಿಸಿದ ಪ್ಯಾಡುಗಳು, ಅವುಗಳಲ್ಲಿ ಎದುರಿಗೇ ಇರುವ ಮುಖ್ಯ ಪ್ಯಾಡು ಸ್ನೇರ್, ಸದ್ದು ಮಾಡಲು ಒಂದು ಪೆಟ್ಟಿಗೆ. ಪ್ಯಾಡು ಮೂಕ. ಪೆಟ್ಟು ಬಿತ್ತು ಎಂಬ ಸುದ್ದಿಯನ್ನು ವೈರಿನಲ್ಲಿ ಪೆಟ್ಟಿಗೆಗೆ ಮುಟ್ಟಿಸುತ್ತದೆ, ಸದ್ದು ಹೊರಡಿಸುವುದು ಪೆಟ್ಟಿಗೆ.

ಒಂದು ಮಧ್ಯಾಹ್ನ ಆ ಗುಂಡಿಯಲ್ಲಿ ಬೋರಲು ಮಲಗಿ ಅವರ ಪೆಡಲ್ಲಿಗೆ ಸ್ಪ್ರಿಂಗ್ ಹಾಕುತ್ತಿದ್ದೆ. ಕೋಲಮ್ಮ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು.

“ನಮಗೇ ಅಂತ ಒಬ್ಬ ಟೆಕ್ನಿಷಿಯನ್ ಬೇಕಾಗಿದೆ,” ಅಂದರು. “ಹಿಂದುಗಡೆ ಎರಡು ರೂಮಿನ ಮನೆ ಇದೆ. ಸ್ವಂತ ಬಾಗಿಲು, ದೊಡ್ಡ ಕಿಟಕಿ. ನೀವು ಬರ್ತೀರಾ?”

ನನಗೆ ‘ಸ್ವಂತ ಬಾಗಿಲು’ ಎಂಬುದಷ್ಟೇ ಸರಿಯಾಗಿ ಕೇಳಿಸಿತು. ಮಲಗಿದ್ದಲ್ಲಿಂದಲೇ “ಬರ್ತೀನಿ” ಅಂದೆ.

“ತಡೀರಿ, ಆತುರ ಬೇಡ. ನಮ್ಮ ಸಮಿತಿಯವರು ಪ್ರತಿ ಸಲ ಒಂದೇ ಪ್ರಶ್ನೆ ಕೇಳ್ತಾರೆ. ಅಂಗಡಿಯವರು ಎಲ್ಲಾನೂ ಮಾಡ್ಕೊಡ್ತಿರುವಾಗ ನಮಗ್ಯಾಕೆ ಇನ್ನೊಬ್ಬ? ನಿಮ್ಮ ಮಾವ ಇದುವರೆಗೂ ಒಂದು ಸಲಾನೂ ಆಗಲ್ಲ ಅಂದಿಲ್ಲ. ನಾನು ಏನಂತ ಉತ್ತರ ಕೊಡ್ಲಿ ಹೇಳಿ?”

ಸ್ಪ್ರಿಂಗು ಕೈ ತಪ್ಪಿ ಎಲ್ಲೋ ಹಾರಿಹೋಯಿತು. ಕೋಲಮ್ಮ ಅದನ್ನು ಹುಡುಕಿ ಕೈಗೆ ಕೊಟ್ಟರು.

“ಆ ಹೊಸ ಸ್ನೇರ್ ಪ್ಯಾಡು ತರಿಸೋಕೆ ಹೇಳಿದೀನಲ್ಲ, ಡಿಜಿಟಲ್ಲು? ಅದು ನಮ್ಮ ಹಳೇ ಪೆಟ್ಟಿಗೆಗೆ ಕೂರಲ್ಲ ಅಂತ ನನಗೀಗ ಅನುಮಾನ ಶುರುವಾಗಿದೆ. ನಿಮ್ಮ ಮಾವ ಯಾಕಾಗಲ್ಲ ಅಂತ ಮಾತು ಕೊಟ್ಟುಬಿಟ್ರು. ಇನ್ನು ಮೂರು ವಾರಕ್ಕೆ ಬರುತ್ತಂತೆ. ನಿಮ್ಮ ಅಂಗಡಿಯಲ್ಲಿ ಯಾರಾದ್ರೂ ಒಬ್ಬರು ಆಗಲ್ಲ ಅನ್ನಿ. ಅವತ್ತೇ ನಾನು ಸಮಿತಿಗೆ ಪತ್ರ ಬರೀತೀನಿ. ನೀವು ಸುಳ್ಳು ಹೇಳ್ಬೇಕಾಗಿಲ್ಲ. ನಿಜ ಹೇಳಿದ್ರೆ ಸಾಕು.”

ನಿಜ ನನಗೆ ಗೊತ್ತಿತ್ತು. ಹಳೆಯ ಕಾಲದ ಪ್ಯಾಡುಗಳ ಹೊಟ್ಟೆಯಲ್ಲಿ ನಾಣ್ಯದಂಥ ಒಂದು ತೆಳು ಬಿಲ್ಲೆ ಇರುತ್ತದೆ, ಪೀಜೋ ಎನ್ನುತ್ತೇವೆ. ಪೆಟ್ಟು ಬಿದ್ದಾಗ ಅದು ನಡುಗಿ ಚೂರು ಕರೆಂಟ್ ಹುಟ್ಟಿಸುತ್ತದೆ. ಗುಂಡು ಪಿನ್ನಿನ ದಪ್ಪ ವೈರಿನಲ್ಲಿ ಅದು ಪೆಟ್ಟಿಗೆಗೆ ಹೋಗುತ್ತದೆ. ಎಷ್ಟು ಜೋರು ಪೆಟ್ಟು ಎಂದು ಲೆಕ್ಕ ಹಾಕುವುದು ಪೆಟ್ಟಿಗೆಯ ಕೆಲಸ. ಡಿಜಿಟಲ್ ಪ್ಯಾಡು ಬುದ್ಧಿವಂತ ಜಾತಿ. ಪೆಟ್ಟು ಎಲ್ಲಿ ಬಿತ್ತು, ಎಷ್ಟು ಜೋರು, ಅಂಗೈ ತಾಗಿತೋ ಇಲ್ಲವೋ, ಎಲ್ಲವನ್ನೂ ತಾನೇ ಲೆಕ್ಕ ಹಾಕಿ ಯುಎಸ್‌ಬಿ ವೈರಿನಲ್ಲಿ ಕಳಿಸುತ್ತದೆ. ಅದನ್ನು ಕೇಳಿಸಿಕೊಳ್ಳುವ ಕಿವಿ ಇರುವುದು ಹೊಸ ಪೆಟ್ಟಿಗೆಗಳಿಗೆ ಮಾತ್ರ. ರಂಗಮಂದಿರದ ಹಳೇ ಪೆಟ್ಟಿಗೆಯಲ್ಲೂ ಒಂದು ಯುಎಸ್‌ಬಿ ತೂತು ಇದೆ, ಇದೆಯಲ್ಲ ಎಂದೇ ಮಾವ ಮಾತು ಕೊಟ್ಟದ್ದು. ಆದರೆ ಅದು ಪೆನ್ ಡ್ರೈವ್ ಸಿಕ್ಕಿಸುವ ತೂತು. ಪ್ಯಾಡನ್ನು ಸಿಕ್ಕಿಸಿದರೆ ಬಿಗಿಯಾಗಿ ಕೂರುತ್ತದೆ, ಕರೆಂಟೂ ಹರಿಯುತ್ತದೆ, ಪ್ಯಾಡಿನ ದೀಪವೂ ಉರಿಯುತ್ತದೆ. ಸದ್ದು ಮಾತ್ರ ಬರುವುದಿಲ್ಲ. ಮುನಿಸಿಕೊಂಡ ಬೀಗರ ಮನೆಯಲ್ಲಿ ಊಟ ಬಡಿಸುತ್ತಾರೆ, ಮಾತಾಡಿಸುವುದಿಲ್ಲ, ಹಾಗೆ.

ಹೆಂಡತಿಗೆ ಅಂದೇ ಹೇಳಿದೆ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದವಳು, ಅಳೆಯದೆ ಮಾತಾಡುವುದಿಲ್ಲ. ಕಿಟಕಿ ಯಾವ ಕಡೆಗಿದೆ ಎಂದು ಕೇಳಿದಳು. ಮಗಳ ಮೇಜು ಅದರ ಕೆಳಗೆ ಹಿಡಿಸುತ್ತದಾ ಎಂದಳು. ಆಮೇಲೆ “ಅಪ್ಪನಿಗೆ?” ಅಂದಳು.

“ಈಗಲೇ ಬೇಡ,” ಅಂದೆ. “ಆದ ಮೇಲೆ ಹೇಳಿದ್ರಾಯ್ತು. ಸುಮ್ನೆ ಈಗಿನಿಂದ ಯಾಕೆ ಅವರ ಹೊಟ್ಟೆ ಉರಿಸೋದು?”

ಮೂರು ವಾರ ನಾನು ಒಂದೇ ಮಾತನ್ನು ಅಭ್ಯಾಸ ಮಾಡಿದೆ. ಮೆಟ್ಟಿಲು ಇಳಿಯುವಾಗ, ಬೆಸುಗೆ ಹಾಕುವಾಗ, ಸ್ನಾನ ಮಾಡುವಾಗ: ‘ಆಗಲ್ಲ ಮೇಡಂ.’ ಅದರಲ್ಲಿ ಮೋಸವಿಲ್ಲ, ಯಾರಿಗೂ ನಷ್ಟವಿಲ್ಲ. ಅವರ ಹಳೇ ಸ್ನೇರ್ ಪ್ಯಾಡು ಇನ್ನೊಂದು ವರ್ಷ ಆರಾಮಾಗಿ ಓಡುವಂತಿತ್ತು. ಎರಡೇ ಎರಡು ಪದ. ಅಷ್ಟಕ್ಕೆ ನನ್ನ ಸಂಸಾರಕ್ಕೊಂದು ಬಾಗಿಲು ಸಿಗುತ್ತಿತ್ತು.

ಬುಧವಾರ ಬೆಳಗ್ಗೆ ಹತ್ತಕ್ಕೆ ಕೋಲಮ್ಮ ಹಳೇ ಪೆಟ್ಟಿಗೆಯನ್ನೂ ಎರಡು ಪ್ಯಾಡುಗಳನ್ನೂ ಚಕ್ರದ ಚೀಲದಲ್ಲಿ ಎಳೆದುಕೊಂಡು ಬಂದರು. ಹೊಸ ಪ್ಯಾಡು ಹಿಂದಿನ ದಿನವೇ ಬಂದಿತ್ತು. ಮಾವ ಅದನ್ನು ಮೃದು ಬಟ್ಟೆಯಲ್ಲಿ ಒರೆಸಿ ಗಾಜಿನ ಗಲ್ಲಾದ ಮೇಲೆ ಇಟ್ಟಿದ್ದರು. ತಾವೇ ವೈರು ಸಿಕ್ಕಿಸಿದರು. ಪ್ಯಾಡಿನ ಅಂಚಿನಲ್ಲಿ ಹಸಿರು ದೀಪ ಹತ್ತಿತು. ಕೋಲಮ್ಮ ಕೋಲು ತೆಗೆದು ಒಂದು ಪೆಟ್ಟು ಹಾಕಿದರು. ಸ್ಪೀಕರಿನಲ್ಲಿ ಏನೂ ಇಲ್ಲ. ಇನ್ನೊಂದು, ಸ್ವಲ್ಪ ಜೋರಾಗಿ. ಜಾಲರಿಯ ಮೇಲೆ ಕೋಲು ಬಿದ್ದ ದಪ್ ದಪ್ ಅಷ್ಟೇ.

“ಏನ್ರಪ್ಪಾ,” ಕೋಲಮ್ಮ ನನ್ನನ್ನೇ ನೋಡುತ್ತಾ ಕೇಳಿದರು, “ಇದು ಆಗುತ್ತೋ, ಇಲ್ವೋ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಿಂದ ಇನ್ನೊಂದು ದನಿ ಬಂತು.

“ಆಗಲ್ಲ ಕಣಮ್ಮಾ.”

ಮಾವ. ನಾನು ತಿರುಗಿ ನೋಡಿದೆ. ಅವರು ಕೋಲಮ್ಮನನ್ನು ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಆಗಲೇ ಒರೆಸಿದ್ದ ಗಲ್ಲಾದ ಗಾಜನ್ನು ಮತ್ತೆ ಒರೆಸುತ್ತಿದ್ದರು. ಎರಡೂ ಕಿವಿ ಕೆಂಪಗಾಗಿದ್ದವು. “ನಾನೇ ಸರಿಯಾಗಿ ತಿಳ್ಕೊಳ್ಳದೆ ಮಾತು ಕೊಟ್ಟೆ. ತಪ್ಪು ನನ್ನದೇ. ಇದು ನಮ್ಮ ಅಂಗಡಿಯಿಂದ ಆಗಲ್ಲ,” ಅಂದರು. ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ, ಒಂದೇ ಉಸಿರಿಗೆ.

ನನ್ನ ಕೆಲಸ ಆಗಿಹೋಗಿತ್ತು. ನಾನು ಬಾಯಿ ಕೂಡ ನೋಯಿಸಬೇಕಾಗಿರಲಿಲ್ಲ. ಕೋಲಮ್ಮನ ಮುಖದಲ್ಲಿ ಸಣ್ಣ ನಗು ಬಂತು. “ಪಾಪ, ನಿಮ್ಮ ತಪ್ಪೇನಿಲ್ಲ ಬಿಡಿ. ಇದನ್ನ ಯಾರ ಕೈಲೂ ಮಾಡೋಕಾಗಲ್ಲ,” ಎಂದು ಕೋಲುಗಳನ್ನು ಚೀಲಕ್ಕೆ ಹಾಕಿಕೊಂಡರು.

ಆಮೇಲೆ ಏನಾಯಿತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮಾವನ ಆ ಕೆಂಪು ಕಿವಿ ನೋಡಲಾಗಲಿಲ್ಲ, ಅದು ನಿಜ. ಹನ್ನೊಂದು ವರ್ಷ ಈ ಮನುಷ್ಯ ಒಂದೇ ಒಂದು ಸಲ ಆಗಲ್ಲ ಎನ್ನಬಾರದೇ ಎಂದು ಮನಸ್ಸಿನಲ್ಲೇ ಶಾಪ ಹಾಕಿದವನು ನಾನು. ಅವರು ಅಂದೇಬಿಟ್ಟಾಗ ಆ ಮಾತು ನನಗೇ ಬೇಡವಾಯಿತು. ಆದರೆ ಎಲ್ಲವನ್ನೂ ಅವರ ಕಿವಿಯ ಮೇಲೆ ಹಾಕಿದರೆ ನಾನು ಸುಳ್ಳ. ‘ಯಾರ ಕೈಲೂ’ ಎಂದರಲ್ಲ ಕೋಲಮ್ಮ, ಅದೂ ಒಳಗೆಲ್ಲೋ ಕುಟುಕಿತು. ಯಾರ ಕೈಲೂ ಎಂದರೆ? ಈ ಕೈ ಹಲ್ಲಿನ ಸೆಟ್ಟು ಅಂಟಿಸಿದ ಕೈ.

“ಒಂದು ಗಂಟೆ ಕೊಡಿ,” ಎಂದು ಪ್ಯಾಡು ಎತ್ತಿಕೊಂಡೆ.

ಕೋಲಮ್ಮನ ಕಣ್ಣು ದೊಡ್ಡದಾಯಿತು. ಮಾವ ಒರೆಸುವುದನ್ನು ನಿಲ್ಲಿಸಿದರು. ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿ, “ಟೀ ತರ್ತೀನಿ” ಎಂದು ಹೊರಗೆ ಹೋದರು.

ಪ್ಯಾಡನ್ನು ಮೇಜಿಗೆ ತಂದು ಸುತ್ತಲಿನ ಹತ್ತು ಬೋಲ್ಟು ಬಿಚ್ಚಿದೆ. ಜಾಲರಿ ಎತ್ತಿದರೆ ಒಳಗೆ ಅದರ ಮಿದುಳು, ಅಂಗೈಯಗಲದ ಹಸಿರು ಹಲಗೆ, ಒಂದು ಧೂಳಿನ ಕಣವೂ ಇಲ್ಲ. ಅದರ ಮಾತನ್ನು ಪೆಟ್ಟಿಗೆಗೆ ಕಲಿಸಲು ನನ್ನಿಂದ ಆಗುವುದಿಲ್ಲ. ಆದರೆ ಅದರ ಬಾಯಿ ಮುಚ್ಚಿಸಬಹುದು. ಹಲಗೆಯ ವೈರು ಕಳಚಿಟ್ಟು, ಪ್ಯಾಡಿನ ಹೊಟ್ಟೆಗೆ ಹಳೇ ಕಾಲದ ಬಿಲ್ಲೆ ಅಂಟಿಸಿ, ಪಕ್ಕಕ್ಕೆ ತೂತು ಕೊರೆದು ಗುಂಡು ಪಿನ್ನಿನ ಜಾಕ್ ಕೂರಿಸಿದರೆ, ಬುದ್ಧಿವಂತ ಪ್ಯಾಡು ದಡ್ಡ ಪ್ಯಾಡಾಗುತ್ತದೆ. ದಡ್ಡ ಪ್ಯಾಡು ದಡ್ಡ ಪೆಟ್ಟಿಗೆಯ ಜೊತೆ ಸುಖವಾಗಿ ಸಂಸಾರ ಮಾಡುತ್ತದೆ.

ಡ್ರಿಲ್ ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ಕೂತೆ. ಇನ್ನೂ ಏನೂ ಆಗಿರಲಿಲ್ಲ. ಬೋಲ್ಟು ಹಾಕಿ ‘ಇಲ್ಲ ಮೇಡಂ, ನೋಡಿದೆ, ಆಗಲ್ಲ’ ಎನ್ನಬಹುದಿತ್ತು. ಕೋಲಮ್ಮ ಎದುರಿನ ಸ್ಟೂಲಿನ ಮೇಲೆ ಕೂತು ಅದನ್ನೇ ಕಾಯುತ್ತಿದ್ದರು. ಮೇಲಿನ ಎರಡು ಕೋಣೆ ನೆನಪಾದವು, ಕಿಟಕಿ ನೆನಪಾಯಿತು. ಡ್ರಿಲ್ಲಿನ ಮೊನೆಯನ್ನು ಅಳತೆ ಮಾಡಿದ ಗುರುತಿನ ಮೇಲಿಟ್ಟೆ. ಮರದ ಹೊಟ್ಟು ಸುರುಳಿ ಸುರುಳಿಯಾಗಿ ಹೊರಬಂತು. ನನ್ನ ಕೈಗೆ ನನ್ನ ಮಾತು ಕೇಳುವ ಅಭ್ಯಾಸವಿಲ್ಲ, ಅದು ಮಾವನ ಮಾತು ಕೇಳಿ ಬೆಳೆದ ಕೈ.

ಮಾವ ಟೀ ತಂದಿಟ್ಟರು. ಬೇರೆ ದಿನವಾಗಿದ್ದರೆ ಬೆನ್ನ ಹಿಂದೆ ನಿಂತು ಹತ್ತು ಸಲಹೆ ಕೊಡುತ್ತಿದ್ದರು. ಅಂದು ಬಿಲ್ಲೆಗಳ ಡಬ್ಬಿಯನ್ನು ನನ್ನ ಕೈಗೆಟಕುವಂತೆ ಸರಿಸಿ ಗಲ್ಲಾಕ್ಕೆ ಹೋಗಿ ಕೂತರು.

ಒಂದು ಬಿಲ್ಲೆಯನ್ನು ಸ್ಪಂಜಿನ ತುಂಡಿನ ಕೆಳಗೆ, ಜಾಲರಿಯ ನಡುಮಧ್ಯಕ್ಕೆ ತಾಗುವಂತೆ ಕೂರಿಸಿದೆ. ಇನ್ನೊಂದನ್ನು ಅಂಚಿಗೆ ಬೀಳುವ ಪೆಟ್ಟು ಹಿಡಿಯಲೆಂದು ಪ್ಯಾಡಿನ ಮರದ ಗೋಡೆಗೆ ಅಂಟಿಸಿದೆ. ಬೆಸುಗೆ ಹಾಕಿ, ಜಾಲರಿ ಬಿಗಿದು, ದಪ್ಪ ವೈರು ಸಿಕ್ಕಿಸಿದೆ. ಕೋಲಮ್ಮ ಒಂದು ಪೆಟ್ಟು ಹಾಕಿದರು.

ಸ್ಪೀಕರಿನಿಂದ ಎರಡು ಸಲ ಸದ್ದು ಬಂತು.

“ಎರಡು ಬೀಳ್ತಿದೆ,” ಅಂದರು. ಅವರ ದನಿಯಲ್ಲಿ ಆಸೆ ಇತ್ತು. ಮೆಲ್ಲಗೆ, ಮಾವನಿಗೆ ಕೇಳಿಸದ ಹಾಗೆ ಹೇಳಿದರು, “ಇಷ್ಟೇ ಅಂತೀರಾ? ಇಷ್ಟೇ ಆದ್ರೆ ಇಷ್ಟೇ ಅಂತ ಹೇಳಿ. ಇದನ್ನಿಟ್ಕೊಂಡು ನಾನು ನಾಟಕಕ್ಕೆ ಬಾರಿಸೋಕಾಗಲ್ಲ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರು ಮೂರನೆಯ ಸಲ ಬಂದು ನಿಂತಿದ್ದ, ಪೂಜಾರಿಯೂ ನಾನೇ, ವರ ಬೇಕಾದವನೂ ನಾನೇ. ಆದರೆ ಒಂದು ಪೆಟ್ಟು ಬಿದ್ದರೆ ಎರಡು ಸದ್ದು ಬರುವುದನ್ನು ಕೇಳಿಕೊಂಡು ನಾನು ಸುಮ್ಮನೆ ಕೂರಲಾರೆ. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತದೆ. “ಸ್ಪಂಜು ಸ್ವಲ್ಪ ಮೆತ್ತಗಾಯ್ತು, ತಡೀರಿ,” ಎಂದೆ. ಗಟ್ಟಿ ಸ್ಪಂಜು ಹಾಕಿದೆ. ಪೆಟ್ಟಿಗೆಯ ಗುಂಡಿ ಒತ್ತಿ, ಒಂದು ಪೆಟ್ಟಾದ ಮೇಲೆ ಚಿಟಿಕೆಯಷ್ಟು ಹೊತ್ತು ಕಿವಿ ಮುಚ್ಚಿಕೊಂಡಿರು ಎಂದು ಅದಕ್ಕೆ ಹೇಳಿಕೊಟ್ಟೆ. ಪಕ್ಕದ ಪ್ಯಾಡು ನಡುಗಿದರೆ ಇದು ಎಚ್ಚರಾಗಬಾರದು, ಅದನ್ನೂ ಹೇಳಿಕೊಟ್ಟೆ. ಹೇಳಿದ್ದು ಒಂದು ಗಂಟೆ, ಆದದ್ದು ಎರಡೂವರೆ.

ಕೊನೆಗೆ ಕೋಲಮ್ಮ ಬಾರಿಸಿದರು. ಮೊದಲು ಒಂದೊಂದೇ ಪೆಟ್ಟು, ಆಮೇಲೆ ಉರುಳಿಸುವ ಪೆಟ್ಟು, ಆಮೇಲೆ ಬೆರಳ ತುದಿಯಷ್ಟು ಮೆಲ್ಲಗಿನ ಪಿಸು ಪೆಟ್ಟು. ಎಲ್ಲವೂ ಬಂದವು, ಒಂದಕ್ಕೊಂದು, ಬಿಡಿಬಿಡಿಯಾಗಿ. ಬಾರಿಸುತ್ತಾ ಬಾರಿಸುತ್ತಾ ಅವರ ಮುಖ ಅರಳಿತು. ಬೇಡ ಬೇಡ ಎಂದರೂ ಅರಳಿತು. ಬಾರಿಸುವವರ ಹಣೆಬರಹವೇ ಅದು, ಒಳ್ಳೆಯ ಪ್ಯಾಡು ಸಿಕ್ಕರೆ ಉಳಿದದ್ದೆಲ್ಲ ಮರೆತುಹೋಗುತ್ತದೆ. ಆ ಎರಡು ನಿಮಿಷ ನಾನೂ ಮರೆತೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಖುಷಿಯಾಗಿದ್ದೆ.

ಚಕ್ರದ ಚೀಲವನ್ನು ಬೀದಿಗೆ ಇಳಿಸಿಕೊಡಲು ಹೋದೆ. ಅಲ್ಲಿ ಕೋಲಮ್ಮ ನಿಂತರು.

“ನಾಳೆ ಸಮಿತಿಯವರು ಕೇಳ್ತಾರೆ. ಏನ್ ಹೇಳ್ಲಿ? ಅಂಗಡಿಯವರು ಮೊದಲು ಆಗಲ್ಲ ಅಂದ್ರು, ಆಮೇಲೆ ಎರಡೂವರೆ ಗಂಟೇಲಿ ಮಾಡ್ಕೊಟ್ರು ಅಂತ್ಲಾ?”

ನಾನು ಬಗ್ಗಿ ಚೀಲದ ಚಕ್ರಕ್ಕೆ ಸಿಕ್ಕಿಕೊಂಡಿದ್ದ ದಾರ ಬಿಡಿಸಿದೆ.

“ಇಷ್ಟು ಚೆನ್ನಾಗಿ ಮಾಡ್ಬಾರದಿತ್ತು ನೀವು,” ಅಂದರು. ಸಿಟ್ಟಿರಲಿಲ್ಲ, ಬೇಜಾರು ಮಾತ್ರ. “ಇನ್ಮೇಲೆ ನಾನು ಆ ಮಾತು ಎತ್ತಿದ್ರೆ ನಗ್ತಾರೆ. ಪಕ್ಕದ ಬೀದೀಲೇ ಇಂಥವರಿರುವಾಗ ಮನೆ ಕೊಟ್ಟು ಇಟ್ಕೊಳ್ಳೋದ್ಯಾಕೆ ಅಂತಾರೆ. ಆ ಮನೇನ ನಾಟಕದ ಪರದೆ ಇಡೋಕೆ ಕೊಡಿ ಅಂತ ಬೇರೆಯವರು ಆಗಲೇ ಕೇಳ್ತಿದಾರೆ.” ಹೊರಟು ನಾಲ್ಕು ಹೆಜ್ಜೆ ಹೋದವರು ತಿರುಗಿ, “ಪ್ಯಾಡು ಮಾತ್ರ ಬಹಳ ಚೆನ್ನಾಗಿದೆ,” ಅಂದರು.

ಊಟದ ಹೊತ್ತಿಗೆ ಹೆಂಡತಿ ಬಂದಳು. ಅವಳ ಅಂಗಡಿ ಹತ್ತಿರವೇ, ಆದರೂ ಅಂದು ಓಡಿಕೊಂಡು ಬಂದಿದ್ದಳು. ನಾನು ಮೇಲಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದೆ.

“ಏನಾಯ್ತು ರೀ? ಆಗಲ್ಲ ಅಂದ್ರಾ?”

“ನಾನಲ್ಲ. ನಿಮ್ಮಪ್ಪ ಅಂದ್ರು.”

“ಅಂದ್ರಾ!” ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿ ಬಂದಿತ್ತು. “ನಿಜವಾಗ್ಲೂ ಅಂದ್ರಾ? ನನ್ನಾಣೆ? ಆಮೇಲೆ?”

“ಆಮೇಲೆ ನಾನು ಮಾಡ್ಕೊಟ್ಟೆ.”

ಅವಳು ಹೆಗಲ ಚೀಲ ಇಳಿಸದೆ ಹಾಗೇ ಸಿಂಬಲ್ ಡಬ್ಬದ ಮೇಲೆ ಕೂತಳು.

“ರೀ, ಅಪ್ಪನಿಗೆ ಎಲ್ಲಾ ಗೊತ್ತಿತ್ತು. ನೀವು ಹೇಳಿದ ಮಾರನೇ ದಿನಾನೇ ನಾನು ಹೇಳ್ಬಿಟ್ಟೆ. ಮುಚ್ಚಿಟ್ಕೊಳ್ಳೋಕೆ ಆಗ್ಲಿಲ್ಲ, ನಮ್ಮಪ್ಪ ಅಲ್ವಾ. ಎರಡು ದಿನ ಮಾತೇ ಆಡ್ಲಿಲ್ಲ. ಮೂರನೇ ದಿನ ಬಂದು, ‘ಅಳಿಯಂದ್ರು ತಮ್ಮ ಬಾಯಲ್ಲಿ ಅದನ್ನ ಹೇಳ್ಬೇಕಾಗಬಾರದು ಕಣೇ, ನಾನು ಕೊಟ್ಟ ಮಾತು, ನಾನೇ ಹೇಳ್ತೀನಿ’ ಅಂದ್ರು. ದಿನಾ ನನ್ನ ಮುಂದೆ ಹೇಳಿ ನೋಡ್ತಿದ್ರು. ಬಾಯೇ ಬರ್ತಿರ್ಲಿಲ್ಲ ಅವರಿಗೆ. ನಿನ್ನೆ ಸರಿಯಾಗಿ ಬಂತು.” ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ನನ್ನನ್ನು ನೋಡಿದಳು. “ನಿಮಗೋಸ್ಕರ ಹೇಳಿದ್ದು ರೀ ಅದು.”

ಮಾಡಿದ್ದುಣ್ಣೋ ಮಹಾರಾಯ ಎಂದು ಬೇರೆ ಯಾರಿಗೂ ಅಂದವನಲ್ಲ ನಾನು, ನನಗೆ ನಾನೇ ಅಂದುಕೊಂಡೆ. ಕೆಳಗೆ ಇಳಿದೆ. ಮಾವ ಅಂಗಡಿಯ ಬಾಗಿಲು ಅರ್ಧ ಎಳೆದು, ಸ್ಟೂಲಿನ ಮೇಲೆ ಕೂತು ಯಾವುದೋ ಡ್ರಮ್ಮಿನ ಬೋಲ್ಟಿಗೆ ಎಣ್ಣೆ ಬಿಡುತ್ತಿದ್ದರು.

“ನಿಮಗೆ ಗೊತ್ತಿತ್ತಂತೆ,” ಅಂದೆ.

“ಹ್ಞೂಂ.”

“ಮತ್ತೆ ನಾನು ಕೆಲಸಕ್ಕೆ ಕೂತಾಗ ತಡೀಬಾರದಿತ್ತಾ ಮಾವ? ಇನ್ನೊಂದು ಸಲ ಆಗಲ್ಲ ಅಂದಿದ್ರೆ ಸಾಕಿತ್ತು.”

ಅವರು ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟರು. “ಒಂದು ಸಲಕ್ಕೆ ಅಂತ ತಯಾರಿ ಮಾಡ್ಕೊಂಡಿದ್ದೆ ಕಣಪ್ಪಾ. ಎರಡನೇ ಸಲ ಹೇಳೋಕೂ ಬಾಯಿ ತೆಗೆದೆ. ಅಷ್ಟರಲ್ಲಿ ನೀನು ಪ್ಯಾಡು ಎತ್ಕೊಂಡು ಹೊರಟಿದ್ದೆ. ಓ, ಇವನಿಗೆ ಹೋಗೋ ಮನಸ್ಸಿಲ್ಲ ಅಂತ ಕಾಣುತ್ತೆ ಅಂದ್ಕೊಂಡೆ. ಖುಷಿ ಆಗ್ಬಿಡ್ತು ನಂಗೆ. ಬಾಯಿ ಮುಚ್ಕೊಂಡೆ.”

ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ‘ನೀನು’ ಎಂದದ್ದು ಅದೇ ಮೊದಲು. ಸಿಟ್ಟು ಬರಬೇಕಿತ್ತು, ಹುಡುಕಿದೆ, ಸಿಗಲಿಲ್ಲ. ಅಳು ಬರುವ ಹಾಗಿತ್ತು.

“ಹೋಗ್ಬೇಕು ಅಂತ ಅಷ್ಟೊಂದು ಇತ್ತಾ ನಿಂಗೆ?” ಎಂದು ಕೇಳಿದರು.

“ಇತ್ತು ಮಾವ. ತುಂಬಾ ಇತ್ತು.”

“ನಂಗ್ಯಾಕೆ ಹೇಳ್ಲಿಲ್ಲ? ಹೇಳಿದ್ರೆ ನಾನು ಬೇಡ ಅಂತಿದ್ನಾ?”

ನಾನು ಎಣ್ಣೆಯ ಡಬ್ಬಿಯ ಮುಚ್ಚಳ ಹಾಕಿದೆ. ಇಷ್ಟು ವರ್ಷ ಅವರಿಗೆ ಒಂದು ಮಾತು ಆಡಲು ಬಾರದು ಎಂದು ಸಿಡಿಮಿಡಿಗುಟ್ಟುತ್ತಿದ್ದೆ. ಅವರು ಕಷ್ಟಪಟ್ಟು ಅದನ್ನು ಕಲಿತು, ಆಡಿಯೂ ಬಿಟ್ಟಿದ್ದರು. ‘ನಾನು ಹೋಗಬೇಕು’ ಎಂಬ ನನ್ನ ಮಾತನ್ನು ನಾನು ಅವರ ಮುಂದೆ ಆಡಿದ್ದು ಆ ಮಧ್ಯಾಹ್ನವೇ ಮೊದಲು, ಆಗ ಹೋಗಲು ಜಾಗ ಉಳಿದಿರಲಿಲ್ಲ.